ಇಂಗ್ಲಿಷ್ ಪದಸಂಪತ್ತಿಗೆ ಯಾವ ದಾರಿ ಯಾರಿಗೆ: ಸಮಾನಾರ್ಥಕ, ವಿರುದ್ಧಾರ್ಥಕ ಪದಗಳ ಕಲಿಕೆಯ ಸಾಧನಗಳ ಹೋಲಿಕೆ

ಕನ್ನಡ ಮಾಧ್ಯಮದಲ್ಲಿ ಓದಿ ಈಗ ಬ್ಯಾಂಕ್ ಅಥವಾ ಎಸ್‌ಎಸ್‌ಸಿ (ಕೇಂದ್ರ ಸರ್ಕಾರದ ನೇಮಕಾತಿ) ಪರೀಕ್ಷೆಗೆ ಕೂರುತ್ತಿರುವವರು, ಹೊರದೇಶದ ವಿಶ್ವವಿದ್ಯಾಲಯ ಸೇರಲು ಜಿಆರ್‌ಇ ಇಲ್ಲವೇ ಐಇಎಲ್‌ಟಿಎಸ್‌ಗೆ ಸಿದ್ಧರಾಗುತ್ತಿರುವವರು, ಕಚೇರಿಯಲ್ಲಿ ದಿನವೂ ಇಂಗ್ಲಿಷಿನಲ್ಲಿ ಪತ್ರ, ವರದಿ ಬರೆಯಬೇಕಾದವರು, ಹೀಗೆ ಬೇರೆಬೇರೆ ನೆಲೆಯ ಓದುಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಸಾಧಾರಣ ಇಂಗ್ಲಿಷ್ ಬರುತ್ತದೆ, ಅದರ ಮೇಲಿನ ಹಂತದ ಪದಗಳು ಬೇಕು. ಅದಕ್ಕೆ ಸಮಾನಾರ್ಥಕ, ವಿರುದ್ಧಾರ್ಥಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಬೇಕೇ, ಥೆಸಾರಸ್ (ಸಮಾನಾರ್ಥಕ ಪದಗಳ ಕೋಶ) ಕೊಳ್ಳಬೇಕೇ, ಧಾತುಗಳ, ಎಂದರೆ ಪದಮೂಲಗಳ ಮೂಲಕ ಕಲಿಸುವ ಪುಸ್ತಕ ಹಿಡಿಯಬೇಕೇ, ಮೊಬೈಲಿನಲ್ಲಿ ಫ್ಲ್ಯಾಷ್‌ಕಾರ್ಡ್ (ಮುಂದೆ ಪ್ರಶ್ನೆ, ಹಿಂದೆ ಉತ್ತರ ಇರುವ ಕಾರ್ಡು) ಆ್ಯಪ್ ಹಾಕಿಕೊಳ್ಳಬೇಕೇ ಎಂಬುದು ಅವರ ಗೊಂದಲ. ಇವುಗಳಲ್ಲಿ ಕೆಲಸಕ್ಕೆ ಬಾರದ್ದು ಯಾವುದೂ ಇಲ್ಲ. ಆದರೆ ಒಬ್ಬರ ಅಗತ್ಯಕ್ಕೆ ಹೇಳಿಮಾಡಿಸಿದ ಸಾಧನ ಇನ್ನೊಬ್ಬರ ಆರು ತಿಂಗಳನ್ನು ಹಾಳುಮಾಡಬಲ್ಲದು. ಆದ್ದರಿಂದ ಸಾಧನಗಳ ಗುಣದೋಷಕ್ಕೆ ಹೋಗುವ ಮೊದಲು ಅವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದನ್ನು ಸ್ಪಷ್ಟಮಾಡಿಕೊಳ್ಳುವುದು ಒಳ್ಳೆಯದು.

ಅಳೆಯುವುದು ಹೇಗೆ

ಮೊದಲನೆಯ ಅಳತೆಗೋಲು ಉದ್ದೇಶ. ಪದವನ್ನು ಗುರುತಿಸಿದರೆ ಸಾಕೋ ಅಥವಾ ಅದನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕೋ ಎಂಬುದನ್ನು ಕಲಿಯುವವರು ಮೊದಲೇ ತೀರ್ಮಾನಿಸಬೇಕು. ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕುವ ಪರೀಕ್ಷೆಗೆ ಪದದ ಮುಖಪರಿಚಯ ಸಾಕಾಗುತ್ತದೆ. ಪ್ರಬಂಧ ಬರೆಯುವವರಿಗೆ, ಸಂದರ್ಶನದಲ್ಲಿ ಮಾತಾಡುವವರಿಗೆ ಅಷ್ಟು ಸಾಲದು. ಆ ಪದ ಯಾವ ಪದದ ಜೊತೆಯಲ್ಲಿ ಬರುತ್ತದೆ, ಅದರಲ್ಲಿರುವುದು ಹೊಗಳಿಕೆಯೋ ತೆಗಳಿಕೆಯೋ, ಅದು ಕಚೇರಿಯ ಪತ್ರಕ್ಕೆ ಹೊಂದುತ್ತದೆಯೋ ಗೆಳೆಯರ ಹರಟೆಗೆ ಹೊಂದುತ್ತದೆಯೋ ಎಂಬುದೆಲ್ಲವೂ ತಿಳಿದಿರಬೇಕಾಗುತ್ತದೆ.

ಎರಡನೆಯದು, ಒಂದೇ ಅರ್ಥದವೆಂದು ಕಾಣುವ ಪದಗಳ ನಡುವಿನ ಅಂತರವನ್ನು ಆ ಸಾಧನ ತೋರಿಸುತ್ತದೆಯೇ ಎಂಬುದು. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಅಳತೆಗೋಲು, ಏಕೆಂದರೆ ಪೂರ್ತಿಯಾಗಿ ಸಮಾನವಾದ ಎರಡು ಪದಗಳು ಯಾವ ಭಾಷೆಯಲ್ಲಿಯೂ ತೀರಾ ಅಪರೂಪ. ಕನ್ನಡದಲ್ಲಿ ಪತ್ರಿಕೆಯ ತಲೆಬರಹ ‘ನಿಧನ’ ಎನ್ನುತ್ತದೆ, ಪಕ್ಕದ ಮನೆಯ ಹಿರಿಯರ ವಿಚಾರ ಹೇಳುವಾಗ ನಾವು ‘ತೀರಿಕೊಂಡರು’ ಎನ್ನುತ್ತೇವೆ, ಸರ್ಕಾರಿ ಪ್ರಮಾಣಪತ್ರದಲ್ಲಿ ‘ಮರಣ’ ಎಂದಿರುತ್ತದೆ, ಕೊಟ್ಟಿಗೆಯ ಹಸು ‘ಸತ್ತುಹೋಯಿತು’ ಎನ್ನುತ್ತೇವೆ. ಇವನ್ನು ಅದಲುಬದಲು ಮಾಡಿದರೆ ಕೇಳುವವರಿಗೆ ನೋವಾಗಬಹುದು ಎಂಬುದನ್ನು ನಮಗೆ ಯಾರೂ ಪಾಠ ಹೇಳಿ ಕಲಿಸಿಲ್ಲ. ಇಂಗ್ಲಿಷಿನಲ್ಲಿ ಇಂಥ ಪದರಗಳು ಬಹಳ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಪದಗಳು ಹಳೆಯ ಇಂಗ್ಲಿಷ್ ಪದಗಳ ಪಕ್ಕದಲ್ಲಿ ಬಂದು ನೆಲೆಸಿದವು. ಮುಂದೆ ವಿದ್ವಾಂಸರ ಬರವಣಿಗೆಯ ಮೂಲಕ ಲ್ಯಾಟಿನ್ ಪದಗಳು ರಾಶಿರಾಶಿಯಾಗಿ ಸೇರಿದವು. ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂಬ ಮೂರೂ ಕೇಳುವುದನ್ನೇ ಹೇಳುತ್ತವಾದರೂ ಮಗು ‘ಆಸ್ಕ್’ ಮಾಡುತ್ತದೆ, ವಕೀಲರು ಸಾಕ್ಷಿಯನ್ನು ‘ಕ್ವೆಶ್ಚನ್’ ಮಾಡುತ್ತಾರೆ, ಪೊಲೀಸರು ಆರೋಪಿಯನ್ನು ‘ಇಂಟರಾಗೇಟ್’ ಮಾಡುತ್ತಾರೆ.

ಈ ಅಂತರವನ್ನು ಪತ್ತೆಹಚ್ಚಲು ವಿರುದ್ಧಪದವೇ ಅತ್ಯಂತ ಚುರುಕಾದ ಸಲಕರಣೆ. ‘ಫ್ರೂಗಲ್’ ಮತ್ತು ‘ಸ್ಟಿಂಜಿ’ ಎಂಬ ಎರಡು ಪದಗಳನ್ನು ಅನೇಕ ಪಟ್ಟಿಗಳು ಒಂದೇ ಸಾಲಿನಲ್ಲಿ ಕೂರಿಸುತ್ತವೆ, ಎರಡೂ ಹಣ ಖರ್ಚು ಮಾಡಲು ಹಿಂದೆಮುಂದೆ ನೋಡುವವರ ಕುರಿತಾದವು ಎಂಬ ಕಾರಣಕ್ಕೆ. ಈಗ ಅವುಗಳ ವಿರುದ್ಧಪದ ಹುಡುಕಿ. ‘ಫ್ರೂಗಲ್’ ಎಂಬುದಕ್ಕೆ ವಿರುದ್ಧ ‘ಎಕ್ಸ್‌ಟ್ರಾವಗಂಟ್’, ಎಂದರೆ ದುಂದುಗಾರ. ‘ಸ್ಟಿಂಜಿ’ ಎಂಬುದಕ್ಕೆ ವಿರುದ್ಧ ‘ಜೆನರಸ್’, ಎಂದರೆ ಉದಾರಿ. ಮೊದಲನೆಯದು ತನ್ನ ಖರ್ಚನ್ನು ಹಿಡಿತದಲ್ಲಿಟ್ಟುಕೊಳ್ಳುವ ಗುಣ, ಎರಡನೆಯದು ಇನ್ನೊಬ್ಬರಿಗೆ ಕೊಡಲು ಕೈಬಾರದ ದೋಷ. ಒಬ್ಬರು ಫ್ರೂಗಲ್ ಆಗಿದ್ದುಕೊಂಡೇ ಜೆನರಸ್ ಕೂಡ ಆಗಿರಬಹುದು. ನಮ್ಮ ಅಜ್ಜಿಯರ ಕಾಲದ ಎಷ್ಟೋ ಮನೆಗಳು ಹಾಗೆಯೇ ನಡೆದವು. ವಿರುದ್ಧಪದ ಬೇರೆಯಾದ ಕಡೆ ಸಮಾನಾರ್ಥಕತೆ ಮುಗಿಯಿತೆಂದು ತಿಳಿಯಬಹುದು. ‘ಓಲ್ಡ್’ ಎಂಬ ಒಂದೇ ಪದಕ್ಕೆ ಮನುಷ್ಯರ ವಿಚಾರದಲ್ಲಿ ‘ಯಂಗ್’, ವಸ್ತುವಿನ ವಿಚಾರದಲ್ಲಿ ‘ನ್ಯೂ’ ಎದುರಾಗುವುದೂ ಇದೇ ಬಗೆಯ ಸೂಚನೆ.

ವಿರುದ್ಧಪದಗಳಲ್ಲಿಯೂ ಬಗೆಗಳಿವೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಸೂಕ್ತ. ‘ಹಾಟ್’ ಮತ್ತು ‘ಕೋಲ್ಡ್’ ನಡುವೆ ‘ವಾರ್ಮ್’, ‘ಕೂಲ್’ ಎಂಬ ಮೆಟ್ಟಿಲುಗಳಿವೆ. ‘ಡೆಡ್’ ಮತ್ತು ‘ಅಲೈವ್’ ನಡುವೆ ಮೆಟ್ಟಿಲಿಲ್ಲ. ‘ಲೆಂಡ್’ ಮತ್ತು ‘ಬಾರೋ’ ಒಂದೇ ವ್ಯವಹಾರವನ್ನು ಎರಡು ತುದಿಗಳಿಂದ ನೋಡುತ್ತವೆ. ಕನ್ನಡದಲ್ಲಿ ‘ಸಾಲ’ ಎಂಬ ಒಂದೇ ಪದಕ್ಕೆ ‘ಕೊಡು’, ‘ತೆಗೆದುಕೊ’ ಸೇರಿಸಿ ಎರಡೂ ಅರ್ಥ ಪಡೆಯುವುದರಿಂದ ಈ ಕೊನೆಯ ಜೋಡಿಯಲ್ಲಿ ನಮ್ಮವರು ಎಡವುವುದು ಹೆಚ್ಚು. ಬರಿಯ ಎರಡು ಕಂಬಸಾಲಿನ ಪಟ್ಟಿ ಈ ಮೂರು ಬಗೆಗಳನ್ನು ಒಂದೇ ರೀತಿಯಲ್ಲಿ ಅಚ್ಚುಹಾಕುತ್ತದೆ.

ಉಳಿದ ಅಳತೆಗೋಲುಗಳನ್ನು ಬೇಗ ಹೇಳಿ ಮುಗಿಸಬಹುದು: ಕಲಿತದ್ದು ತಿಂಗಳುಗಳ ನಂತರವೂ ನೆನಪಿನಲ್ಲಿ ಉಳಿಯುತ್ತದೆಯೇ, ಕೈಯಲ್ಲಿರುವ ಕಾಲ ಎಷ್ಟು, ಖರ್ಚು ಎಷ್ಟು, ಮತ್ತು ಕಲಿಯುವವರ ಈಗಿನ ಮಟ್ಟ ಯಾವುದು.

ಪರೀಕ್ಷಾ ಪಟ್ಟಿಗಳು

ಕೋಚಿಂಗ್ ಕೇಂದ್ರಗಳು ಕೊಡುವ ಮುದ್ರಿತ ಪಟ್ಟಿಗಳು, ಹಳೆಯ ಪ್ರಶ್ನೆಪತ್ರಿಕೆಗಳಿಂದ ಆರಿಸಿದ ಪದಗಳ ಪುಸ್ತಕಗಳು, ‘ದಿನಕ್ಕೆ ಹತ್ತು ಪದ’ ಎಂಬಂಥ ವಿಡಿಯೋಗಳು, ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಖರ್ಚು ಅತ್ಯಂತ ಕಡಿಮೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪ್ರತಿಗಳು ಅರ್ಧಕ್ಕೂ ಕಡಿಮೆ ಬೆಲೆಗೆ ಸಿಗುತ್ತವೆ, ಪದಗಳ ಮಟ್ಟಿಗೆ ಹಳೆಯ ಆವೃತ್ತಿಯಿಂದ ದೊಡ್ಡ ನಷ್ಟವೂ ಇಲ್ಲ.

ಗುರುತಿಸುವ ಪರೀಕ್ಷೆಗೆ ಇವು ನಿಜಕ್ಕೂ ಹೊಂದುತ್ತವೆ. ಎಸ್‌ಎಸ್‌ಸಿ ಸಿಜಿಎಲ್ (ಪದವೀಧರರಿಗಾಗಿ ನಡೆಸುವ) ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಗಳಿಗೆ 100 ಪ್ರಶ್ನೆಗಳಿರುತ್ತವೆ, ಅವುಗಳಲ್ಲಿ 25 ಇಂಗ್ಲಿಷಿನವು, ತಪ್ಪು ಉತ್ತರಕ್ಕೆ ಅರ್ಧ ಅಂಕ ಕಡಿತ. ಅಷ್ಟು ಕಡಿಮೆ ಸಮಯದಲ್ಲಿ ಅರ್ಥಛಾಯೆಯನ್ನು ತೂಗಿ ನೋಡುವ ಅವಕಾಶವೇ ಇರುವುದಿಲ್ಲ. ಪದ ಕಣ್ಣಿಗೆ ಬಿದ್ದೊಡನೆ ಜೋಡಿ ಹೊಳೆಯಬೇಕು. ಪಟ್ಟಿಯ ಅಭ್ಯಾಸ ಆ ವೇಗವನ್ನು ಕೊಡುತ್ತದೆ. ಇದಲ್ಲದೆ ಪೂರ್ವಪ್ರತ್ಯಯದ ಬಲೆಗಳನ್ನು ಒಟ್ಟಿಗೆ ನೋಡಲು ಇವುಗಳಷ್ಟು ಅನುಕೂಲವಾದದ್ದು ಬೇರೊಂದಿಲ್ಲ. ‘ಇನ್‌ವ್ಯಾಲ್ಯುಯಬಲ್’ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆಕಟ್ಟಲಾಗದ್ದು, ‘ಫ್ಲ್ಯಾಮಬಲ್’ ಮತ್ತು ‘ಇನ್‌ಫ್ಲ್ಯಾಮಬಲ್’ ಎರಡಕ್ಕೂ ಬೆಂಕಿ ಹೊತ್ತಿಕೊಳ್ಳುವಂಥದ್ದು ಎಂದೇ ಅರ್ಥ, ‘ಇನ್‌ಫೇಮಸ್’ ಎಂದರೆ ಅಪರಿಚಿತರಲ್ಲ, ಕುಖ್ಯಾತರು, ‘ಡಿಸ್‌ಇಂಟರೆಸ್ಟೆಡ್’ ಎಂದರೆ ಸಾಂಪ್ರದಾಯಿಕ ಬಳಕೆಯಲ್ಲಿ ಸ್ವಾರ್ಥವಿಲ್ಲದ, ಪಕ್ಷಪಾತವಿಲ್ಲದ, ಆಸಕ್ತಿಯಿಲ್ಲದವರು ‘ಅನ್‌ಇಂಟರೆಸ್ಟೆಡ್’.

ಆದರೆ ಈ ದಾರಿಗೆ ಒಂದು ಗಂಭೀರ ದೋಷವಿದೆ, ಅದನ್ನು ಪಟ್ಟಿ ಮಾರುವವರು ಹೇಳುವುದಿಲ್ಲ. ಒಂದೇ ಅರ್ಥವಲಯಕ್ಕೆ ಸೇರಿದ ಹೊಸ ಪದಗಳನ್ನು ಒಂದೇ ಸಲಕ್ಕೆ ಕಲಿಯಹೊರಟರೆ ಅವು ತಲೆಯಲ್ಲಿ ಒಂದಕ್ಕೊಂದು ಅಡ್ಡಬರುತ್ತವೆ. 1993ರಲ್ಲಿ ಥಾಮಸ್ ಟಿಂಕಮ್, 1997ರಲ್ಲಿ ರಾಬ್ ವೇರಿಂಗ್ ನಡೆಸಿದ ಪ್ರಯೋಗಗಳಲ್ಲಿ ಹೀಗೆ ಗುಂಪಾಗಿ ಕೊಟ್ಟ ಪದಗಳನ್ನು ಕಲಿಯಲು ಸಂಬಂಧವಿಲ್ಲದ ಪದಗಳಿಗಿಂತ ಹೆಚ್ಚು ಶ್ರಮ ಬೇಕಾಯಿತು. ಪದಕಲಿಕೆಯ ಸಂಶೋಧನೆಯಲ್ಲಿ ದೊಡ್ಡ ಹೆಸರಾದ ನ್ಯೂಜಿಲೆಂಡಿನ ಪಾಲ್ ನೇಷನ್ ಅವರು ಇದೇ ಕಾರಣಕ್ಕೆ ಸಮಾನಾರ್ಥಕಗಳನ್ನೂ ವಿರುದ್ಧಾರ್ಥಕಗಳನ್ನೂ ಆರಂಭದಲ್ಲಿ ಜೊತೆಯಾಗಿ ಕಲಿಸಬಾರದೆಂದು ಹೇಳುತ್ತಾರೆ. ‘ಲೋಕ್ವೇಶಸ್’ ಎಂದರೆ ವಾಚಾಳಿಯೋ ಮಿತಭಾಷಿಯೋ, ‘ಟ್ಯಾಸಿಟರ್ನ್’ ಎಂದರೆ ಇವೆರಡರಲ್ಲಿ ಯಾವುದು ಎಂದು ಪರೀಕ್ಷಾ ಕೊಠಡಿಯಲ್ಲಿ ತಡಬಡಾಯಿಸುವವರು ಸಾಮಾನ್ಯವಾಗಿ ಆ ಜೋಡಿಯನ್ನು ಒಂದೇ ದಿನ ಒಂದೇ ಸಾಲಿನಲ್ಲಿ ಕಲಿತವರಾಗಿರುತ್ತಾರೆ. ಮೊದಲು ‘ಲೋಕ್ವೇಶಸ್’ (ವಾಚಾಳಿ) ಒಂದನ್ನೇ ಗಟ್ಟಿಮಾಡಿಕೊಂಡು, ಒಂದೆರಡು ವಾರದ ನಂತರ ‘ಟ್ಯಾಸಿಟರ್ನ್’ (ಮಿತಭಾಷಿ) ಅನ್ನು ಅದಕ್ಕೆ ಎದುರಾಗಿ ನಿಲ್ಲಿಸಿದರೆ ಇದೇ ಜೋಡಿ ನೆನಪಿಗೆ ಆಸರೆಯಾಗುತ್ತದೆ. ಹೀಗಾಗಿ ಪಟ್ಟಿಯನ್ನು ಕಲಿಕೆಯ ಆರಂಭಕ್ಕೆ ಬಳಸುವುದಕ್ಕಿಂತ ಆಗಲೇ ಪರಿಚಯವಾದ ಪದಗಳ ಪುನರಾವರ್ತನೆಗೆ ಬಳಸುವುದು ಹೆಚ್ಚು ಫಲಕಾರಿ ಎಂದು ನನ್ನ ಖಚಿತ ಅಭಿಪ್ರಾಯ.

ಥೆಸಾರಸ್

ಪೀಟರ್ ಮಾರ್ಕ್ ರೋಜೆ ಎಂಬ ವೈದ್ಯರು ಲಂಡನ್ನಿನಲ್ಲಿ ತಮ್ಮ ಥೆಸಾರಸ್ ಪ್ರಕಟಿಸಿದ್ದು 1852ರಲ್ಲಿ. ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಸುಮಾರು ಸಾವಿರ ಪರಿಕಲ್ಪನೆಗಳ ಅಡಿಯಲ್ಲಿ, ಹಲವೆಡೆ ಒಂದು ಪರಿಕಲ್ಪನೆಯ ಎದುರಿಗೆ ಅದರ ವಿರುದ್ಧವನ್ನು ಇಟ್ಟು ಜೋಡಿಸಿದ್ದು ಆ ಪುಸ್ತಕದ ವೈಶಿಷ್ಟ್ಯ. ಇಂಥ ಜೋಡಣೆಗೆ ತಮಗಿಂತ ಹಿಂದೆ ನಡೆದ ಪ್ರಯತ್ನಗಳಲ್ಲಿ ಅತ್ಯಂತ ಹಳೆಯದೆಂದು ಅವರು ಮುನ್ನುಡಿಯ ಅಡಿಟಿಪ್ಪಣಿಯಲ್ಲಿ ಹೆಸರಿಸಿರುವುದು ನಮ್ಮ ಅಮರಕೋಶವನ್ನು; ಅದರ ಕೋಲ್‌ಬ್ರೂಕ್ ಅವರ ಇಂಗ್ಲಿಷ್ ಅನುವಾದ 1808ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾಗಿತ್ತು. ಸ್ವರ್ಗವರ್ಗ, ವನೌಷಧಿವರ್ಗ, ಮನುಷ್ಯವರ್ಗ ಎಂದು ಅಮರಸಿಂಹ ಮಾಡಿದ ವಿಂಗಡಣೆಯನ್ನು ಬಲ್ಲ ಕನ್ನಡಿಗರಿಗೆ ರೋಜೆಯ ಕ್ರಮ ಅಪರಿಚಿತವೆನಿಸುವುದಿಲ್ಲ.

ಥೆಸಾರಸ್ ಮಾಡುವ ಕೆಲಸ ಇಷ್ಟೇ: ಮನಸ್ಸಿನಲ್ಲಿ ಭಾವವಿದೆ, ಪದ ನಾಲಿಗೆಯ ತುದಿಯಲ್ಲಿದೆ, ಅದನ್ನು ಅದು ನೆನಪಿಸಿಕೊಡುತ್ತದೆ. ಎಂದರೆ ಆ ಪದ ಆಗಲೇ ಗೊತ್ತಿರುವವರಿಗೆ, ನೋಡಿದೊಡನೆ ಇದು ಹೊಂದುತ್ತದೆ ಇದು ಹೊಂದದು ಎಂದು ಹೇಳಬಲ್ಲವರಿಗೆ ಹುಟ್ಟಿದ ಪುಸ್ತಕ ಅದು. ಕಲಿಯುವವರ ಕೈಗೆ ಸಿಕ್ಕಾಗ ಇದೇ ಗುಣ ಅಪಾಯವಾಗುತ್ತದೆ. ‘ಬಿಗ್ ಮಿಸ್ಟೇಕ್’ ಎಂದು ಸರಿಯಾಗಿಯೇ ಬರೆದ ವಿದ್ಯಾರ್ಥಿ ‘ಬಿಗ್’ ತೀರಾ ಸಾಧಾರಣ ಪದವೆಂದು ಥೆಸಾರಸ್ ತೆರೆದು, ಅಲ್ಲಿ ಕಂಡ ‘ಲಾರ್ಜ್’ ಅಥವಾ ‘ವಾಸ್ಟ್’ ಪದವನ್ನು ಹಾಕಿದರೆ ವಾಕ್ಯ ಕೆಡುತ್ತದೆ. ಅಲ್ಲಿ ಸಲ್ಲುವುದು ‘ಗ್ರೇವ್’ ಅಥವಾ ‘ಸೀರಿಯಸ್’. ಯಾವುದು ಸಲ್ಲುತ್ತದೆ ಎಂಬುದನ್ನು ಸಾಂಪ್ರದಾಯಿಕ ಥೆಸಾರಸ್ ಹೇಳುವುದಿಲ್ಲ.

ಈ ಕೊರತೆಯನ್ನು ತುಂಬುವ ಎರಡು ಬಗೆಯ ಪುಸ್ತಕಗಳಿವೆ. ಮೆರಿಯಮ್–ವೆಬ್‌ಸ್ಟರ್ ಸಂಸ್ಥೆ 1942ರಲ್ಲಿ ಹೊರತಂದ ಸಮಾನಾರ್ಥಕಗಳ ಕೋಶ ಪದಗಳನ್ನು ಪಟ್ಟಿಮಾಡಿ ಬಿಡದೆ ಪ್ರತಿ ಗುಂಪಿನೊಳಗಿನ ವ್ಯತ್ಯಾಸವನ್ನು ವಿವರಿಸುತ್ತದೆ. ಅದರ ಮುಂದಿನ ಆವೃತ್ತಿಗಳು ಈಗಲೂ ಸಿಗುತ್ತವೆ, ದಪ್ಪ ಪುಸ್ತಕ, ನಿಧಾನವಾಗಿ ಓದಬೇಕಾದದ್ದು. ಆಕ್ಸ್‌ಫರ್ಡ್‌ನವರು ಕಲಿಯುವವರಿಗೆಂದೇ ಮಾಡಿದ ಥೆಸಾರಸ್ ಕಡಿಮೆ ಪದಗಳನ್ನು ಆರಿಸಿಕೊಂಡು ಪ್ರತಿಯೊಂದಕ್ಕೂ ಉದಾಹರಣೆ ವಾಕ್ಯ ಕೊಡುತ್ತದೆ. ದುಡ್ಡು ಕೊಟ್ಟು ಒಂದೇ ಒಂದು ಥೆಸಾರಸ್ ಕೊಳ್ಳುವುದಾದರೆ ಪದಗಳ ಸಂಖ್ಯೆ ಕಡಿಮೆಯಿರುವ ಈ ಎರಡನೆಯ ಬಗೆಯದ್ದನ್ನೇ ಕೊಳ್ಳಬೇಕು. ಮುಖಪುಟದ ಮೇಲೆ ಲಕ್ಷಗಟ್ಟಲೆ ಸಮಾನಾರ್ಥಕಗಳಿವೆ ಎಂದು ಸಾರುವ ಪುಸ್ತಕ ಬರಹವೇ ವೃತ್ತಿಯಾದವರಿಗೆ ಸರಿ.

ಕಲಿಯುವವರ ನಿಘಂಟು

ಒಂದೇ ಸಾಧನ ಸಾಕೆಂದು ಯಾರಾದರೂ ಒತ್ತಾಯಿಸಿದರೆ ನಾನು ಹೆಸರಿಸುವುದು ಇದನ್ನು. ಸಾಧಾರಣ ನಿಘಂಟು ಇಂಗ್ಲಿಷ್ ಮಾತೃಭಾಷೆಯವರಿಗಾಗಿ ಇರುತ್ತದೆ. ಕಲಿಯುವವರ ನಿಘಂಟು ನಮ್ಮಂಥವರಿಗಾಗಿಯೇ ಹುಟ್ಟಿದ್ದು. ಎ. ಎಸ್. ಹಾರ್ನ್‌ಬಿ ಅವರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ಅಲ್ಲಿಯ ವಿದ್ಯಾರ್ಥಿಗಳ ತೊಡಕುಗಳನ್ನು ಕಂಡು ಸಹೋದ್ಯೋಗಿಗಳೊಡನೆ ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಪ್ರಕಟವಾಯಿತು. 1948ರಲ್ಲಿ ಅದನ್ನು ಆಕ್ಸ್‌ಫರ್ಡ್ ಮುದ್ರಣಾಲಯ ಹೊರತಂದಿತು. ಇಂದಿನ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ನಿಘಂಟು ಅದರದೇ ಮುಂದುವರಿಕೆ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ತನ್ನ ಎಲ್ಲ ವಿವರಣೆಗಳನ್ನೂ ಸುಮಾರು 2000 ಸರಳ ಪದಗಳಲ್ಲಿಯೇ ಬರೆಯುವ ನಿಯಮ ಹಾಕಿಕೊಂಡಿತು, ಇದರಿಂದ ಒಂದು ಪದದ ಅರ್ಥ ನೋಡಲು ಹೋಗಿ ಇನ್ನೂ ಮೂರು ಪದಗಳ ಅರ್ಥ ಹುಡುಕುವ ಕಷ್ಟ ತಪ್ಪುತ್ತದೆ.

ಇಲ್ಲಿ ‘ರೇನ್’ ಪದವನ್ನು ತೆರೆದರೆ ಅದರ ಜೊತೆಯಲ್ಲಿ ‘ಹೆವಿ’ ಬರುತ್ತದೆ ಎಂಬುದು ಉದಾಹರಣೆಯಲ್ಲಿಯೇ ಕಾಣುತ್ತದೆ. ನಾವು ‘ಜೋರು ಮಳೆ’ ಎನ್ನುತ್ತೇವೆ. ಆ ಜೋರನ್ನು ಇಂಗ್ಲಿಷಿಗೆ ತರುವಾಗ ಬೇರೆ ಯಾವುದೋ ವಿಶೇಷಣ ಕೈಗೆ ಬರುವುದು ಸಹಜ. ಪದಗಳ ಈ ಒಡನಾಟವನ್ನು ಇಷ್ಟು ಸಲೀಸಾಗಿ ತೋರಿಸುವ ಸಾಧನ ಬೇರೆ ಇಲ್ಲ. ಮುಖ್ಯ ಪದಗಳ ಬಳಿ ಸಮಾನಾರ್ಥಕಗಳ ಚೌಕಟ್ಟು ಇರುತ್ತದೆ, ವಿರುದ್ಧಪದ ಸೂಚಿಸಿರುತ್ತಾರೆ, ಔಪಚಾರಿಕ ಪದವೋ ಆಡುಮಾತೋ, ಮೆಚ್ಚುಗೆಯ ಪದವೋ ಅಲ್ಲವೋ ಎಂಬ ಗುರುತು ಇರುತ್ತದೆ, ಪದ ಎ1 (ಆರಂಭದ ಮಟ್ಟ) ರಿಂದ ಸಿ2 (ಅತ್ಯಂತ ಮೇಲಿನ ಮಟ್ಟ) ವರೆಗಿನ ಯಾವ ಹಂತದ್ದೆಂದು ಹೇಳಿರುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ಮೂರರ ಜಾಲತಾಣಗಳನ್ನೂ ಉಚಿತವಾಗಿ ನೋಡಬಹುದಾದ್ದರಿಂದ ಖರ್ಚಿನ ಪ್ರಶ್ನೆ ಏಳುವುದಿಲ್ಲ. ಮುದ್ರಿತ ಪ್ರತಿಯೇ ಬೇಕೆನ್ನುವವರು ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಅಥವಾ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ವಿಚಾರಿಸಿ ನೋಡಬಹುದು.

ಇದರ ಮಿತಿ ವೇಗದ್ದು. ಒಂದು ಪದವನ್ನು ಹೀಗೆ ಸಾವಧಾನವಾಗಿ ನೋಡಲು ಐದಾರು ನಿಮಿಷ ಬೇಕು. ಮುಂದಿನ ತಿಂಗಳೇ ಪರೀಕ್ಷೆಯಿರುವವರಿಗೆ ಇದು ಆಗದ ಮಾತು. ಜೊತೆಗೆ ನಿಘಂಟು ಏನನ್ನು ಕಲಿಯಬೇಕೆಂದು ಹೇಳುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ ಅಷ್ಟೆ.

ಧಾತುಗಳ ದಾರಿ

ನಾರ್ಮನ್ ಲೂಯಿಸ್ ಅವರ 1949ರ ‘ವರ್ಡ್ ಪವರ್ ಮೇಡ್ ಈಸಿ’ ಭಾರತದ ಪುಸ್ತಕದಂಗಡಿಗಳಲ್ಲಿ ಇಂದಿಗೂ ಎದುರಿನ ಸಾಲಿನಲ್ಲಿ ಕೂರುವ ಪುಸ್ತಕ. ಗ್ರೀಕ್, ಲ್ಯಾಟಿನ್ ಧಾತುಗಳನ್ನು ಹಿಡಿದು ಪದಕುಟುಂಬಗಳನ್ನು ಕಟ್ಟಿಕೊಡುವುದು ಅದರ ಕ್ರಮ. ವಿರುದ್ಧಾರ್ಥಕಗಳ ದೃಷ್ಟಿಯಿಂದ ಈ ದಾರಿ ಬಹಳ ಸೊಗಸಾದದ್ದು. ಲ್ಯಾಟಿನ್ನಿನಲ್ಲಿ ‘ಬೆನೆ’ ಎಂದರೆ ಒಳ್ಳೆಯದಾಗಿ, ‘ಮಾಲೆ’ ಎಂದರೆ ಕೆಟ್ಟದಾಗಿ. ಇಷ್ಟು ತಿಳಿದರೆ ‘ಬೆನೆವಲೆಂಟ್’ ಎದುರಿಗೆ ‘ಮಲೆವಲೆಂಟ್’, ‘ಬೆನೆಫ್ಯಾಕ್ಟರ್’ ಎದುರಿಗೆ ‘ಮ್ಯಾಲೆಫ್ಯಾಕ್ಟರ್’, ‘ಬೆನೆಡಿಕ್ಷನ್’ ಎದುರಿಗೆ ‘ಮ್ಯಾಲೆಡಿಕ್ಷನ್’ ತಾವಾಗಿಯೇ ನಿಲ್ಲುತ್ತವೆ. ವೈದ್ಯರ ವರದಿಯಲ್ಲಿ ಗಡ್ಡೆ ‘ಬಿನೈನ್’ ಎಂದಿದ್ದರೆ ಸಮಾಧಾನಪಡಬೇಕೆಂದೂ ‘ಮ್ಯಾಲಿಗ್ನಂಟ್’ ಎಂದಿದ್ದರೆ ಚಿಕಿತ್ಸೆಗೆ ಧಾವಿಸಬೇಕೆಂದೂ ತಿಳಿಯುತ್ತದೆ. ಸು ಮತ್ತು ದುರ್ ಉಪಸರ್ಗಗಳಿಂದ ಸುಜನ, ದುರ್ಜನ ಎಂದು ಪದ ಕಟ್ಟುವುದನ್ನು ಪ್ರೌಢಶಾಲೆಯಲ್ಲಿಯೇ ಕಲಿತ ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಈ ಕ್ರಮವನ್ನು ಬೇಗ ಹಿಡಿಯುತ್ತಾರೆ, ಇಂಗ್ಲಿಷ್ ಮಾಧ್ಯಮದವರಿಗಿಂತ ಅವರಿಗಿರುವ ಅನುಕೂಲ ಇದು.

ಧಾತು ದಾರಿತಪ್ಪಿಸುವುದೂ ಉಂಟು. ಲ್ಯಾಟಿನ್ನಿನ ‘ಪೆಡ್’ ಪಾದವನ್ನು ಹೇಳಿದರೆ, ಅದರಂತೆಯೇ ಕಾಣುವ ಗ್ರೀಕ್ ಮೂಲದ್ದು ಮಗುವನ್ನು ಹೇಳುತ್ತದೆ. ‘ಪೆಡೆಸ್ಟ್ರಿಯನ್’ ಪಾದಚಾರಿಯಾದರೆ ‘ಪೀಡಿಯಾಟ್ರಿಶಿಯನ್’ ಮಕ್ಕಳ ವೈದ್ಯರು. ಧಾತು ಅರ್ಥದ ಸುಳಿವು ಕೊಡುತ್ತದೆ, ಬಳಕೆಯನ್ನು ಕಲಿಸುವುದಿಲ್ಲ. ಆರು ತಿಂಗಳ ಅವಕಾಶವಿದ್ದು, ದಿನಕ್ಕೆ ಅರ್ಧ ಗಂಟೆ ಕೊಡಬಲ್ಲವರಿಗೆ ಹೊಂದುವ ದಾರಿ ಇದು.

ಫ್ಲ್ಯಾಷ್‌ಕಾರ್ಡುಗಳು

ಕಲಿತದ್ದು ಮರೆತುಹೋಗುವ ವೇಗವನ್ನು ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿಯೇ ಅಳೆದು ತೋರಿಸಿದ್ದರು. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ನೆನಪಿಸಿಕೊಂಡರೆ ನೆನಪು ಗಟ್ಟಿಯಾಗುತ್ತದೆ ಎಂಬ ತತ್ತ್ವವನ್ನು 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಕಾರ್ಡುಗಳ ಪೆಟ್ಟಿಗೆಯಾಗಿ ರೂಪಿಸಿದರು: ಸರಿಯುತ್ತರ ಬಂದ ಕಾರ್ಡು ಮುಂದಿನ ಖಾನೆಗೆ ಹೋಗಿ ತಡವಾಗಿ ಮರಳುತ್ತದೆ, ತಪ್ಪಿದ ಕಾರ್ಡು ಮೊದಲ ಖಾನೆಗೆ ಬಂದು ನಾಳೆಯೇ ಎದುರಾಗುತ್ತದೆ. 2006ರಲ್ಲಿ ಬಂದ ಆಂಕಿ ಎಂಬ ತಂತ್ರಾಂಶ ಈ ಲೆಕ್ಕವನ್ನೆಲ್ಲ ತಾನೇ ಇಟ್ಟುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿಯೂ ಆಂಡ್ರಾಯ್ಡ್ ಫೋನಿನಲ್ಲಿಯೂ ಅದು ಉಚಿತ. ಐಫೋನಿನ ಆವೃತ್ತಿಗೆ ಒಮ್ಮೆ ಹಣ ಕೊಡಬೇಕು. ಫೋನ್ ಬೇಡವೆನ್ನುವವರಿಗೆ ಹಳೆಯ ಆಮಂತ್ರಣ ಪತ್ರಿಕೆಗಳನ್ನು ಕತ್ತರಿಸಿ, ಚಪ್ಪಲಿಯ ರಟ್ಟಿನ ಪೆಟ್ಟಿಗೆಯಲ್ಲಿ ಐದು ಖಾನೆ ಮಾಡಿಕೊಂಡರೂ ಅದೇ ಕೆಲಸ ಆಗುತ್ತದೆ.

ನೆನಪಿನ ಅಳತೆಗೋಲಿನಲ್ಲಿ ಇದನ್ನು ಮೀರಿಸುವ ಸಾಧನವಿಲ್ಲ. ಆದರೆ ಕಾರ್ಡಿನಲ್ಲಿ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಮುಂದೆ ‘ಫ್ರೂಗಲ್’, ಹಿಂದೆ ‘ಥ್ರಿಫ್ಟಿ, ಸ್ಟಿಂಜಿ, ಮೈಸರ್ಲಿ, ಪಾರ್ಸಿಮೋನಿಯಸ್’ ಎಂದು ಬರೆದರೆ ಪಟ್ಟಿಯ ದೋಷಗಳೆಲ್ಲ ಕಾರ್ಡಿಗೆ ಬಂದು ಸೇರುತ್ತವೆ, ಮತ್ತು ಈ ಸಲ ಆ ತಪ್ಪುಗಳು ಮರೆಯದಂತೆ ನೆಲೆಯೂರುತ್ತವೆ. ಅದರ ಬದಲು ಮುಂಭಾಗದಲ್ಲಿ, ಕೈತುಂಬ ಸಂಬಳವಿದ್ದರೂ ಸರಳವಾಗಿ ಬದುಕಿ ಉಳಿತಾಯ ಮಾಡುವ ಒಬ್ಬರನ್ನು ಮೆಚ್ಚಿ ಬರೆದ ಇಂಗ್ಲಿಷ್ ವಾಕ್ಯವನ್ನು ಪದದ ಜಾಗ ಖಾಲಿ ಬಿಟ್ಟು ಬರೆಯಬೇಕು, ಆ ಜಾಗದಲ್ಲಿ ಪದದ ಮೊದಲ ಅಕ್ಷರವನ್ನಷ್ಟೇ ಕೊಡಬೇಕು. ಹಿಂಭಾಗದಲ್ಲಿ ಪದ, ಅದರ ಕನ್ನಡ ಅರ್ಥ, ಮೆಚ್ಚುಗೆಯ ಪದ ಎಂಬ ಟಿಪ್ಪಣಿ, ವಿರುದ್ಧವಾಗಿ ‘ಎಕ್ಸ್‌ಟ್ರಾವಗಂಟ್’. ಜಿಪುಣರೊಬ್ಬರನ್ನು ಕುರಿತ ವಾಕ್ಯದಿಂದ ‘ಸ್ಟಿಂಜಿ’ಗೆ ಇನ್ನೊಂದು ಕಾರ್ಡು, ಅದೂ ಕೆಲವು ದಿನ ಕಳೆದ ಮೇಲೆ. ಬೇರೆಯವರು ಮಾಡಿಟ್ಟ ಸಾವಿರಾರು ಕಾರ್ಡುಗಳನ್ನು ಇಳಿಸಿಕೊಳ್ಳುವುದಕ್ಕಿಂತ ದಿನಕ್ಕೆ ಏಳೆಂಟು ಕಾರ್ಡುಗಳನ್ನು ಕೈಯಾರೆ ಮಾಡುವುದು ಲೇಸು. ಮಾಡುವ ಕೆಲಸದಲ್ಲಿಯೇ ಅರ್ಧ ಕಲಿಕೆ ಮುಗಿದಿರುತ್ತದೆ.

ಓದು, ದ್ವಿಭಾಷಾ ನಿಘಂಟು ಮತ್ತು ಎಐ

ಇಂಗ್ಲಿಷ್ ಪತ್ರಿಕೆ ಓದಿ ಎಂಬ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಅದು ಫಲಿಸುವುದು ಪಠ್ಯ ತಕ್ಕಮಟ್ಟಿಗೆ ಸುಲಭವಾಗಿದ್ದಾಗ. ನೆರವಿಲ್ಲದೆ ಅರ್ಥವಾಗಬೇಕಾದರೆ ನೂರಕ್ಕೆ 98ರಷ್ಟು ಪದಗಳು ಗೊತ್ತಿರಬೇಕೆಂದು ಸಂಶೋಧಕರು ಹೇಳುತ್ತಾರೆ. ಎಂದರೆ 50 ಪದಗಳಿಗೆ ಅಪರಿಚಿತವಾದದ್ದು ಒಂದು. ಸಂಪಾದಕೀಯದ ಒಂದು ಪ್ಯಾರಾದಲ್ಲಿ ಎಂಟು ಪದಗಳಿಗೆ ಅಡಿಗೆರೆ ಎಳೆಯಬೇಕಾಗಿ ಬಂದರೆ ಸಂಪಾದಕೀಯವನ್ನು ಬಿಟ್ಟು ಕ್ರೀಡಾಪುಟ ಅಥವಾ ಸ್ಥಳೀಯ ಸುದ್ದಿಯಿಂದ ಆರಂಭಿಸುವುದು ಜಾಣತನ. ಬಳಕೆಯ ಅರಿವು ಬೇರೂರುವುದು ಓದಿನಿಂದಲೇ, ಆದರೆ ಅದು ವರ್ಷಗಳ ಲೆಕ್ಕ.

ಇಂಗ್ಲಿಷ್–ಕನ್ನಡ ನಿಘಂಟು ನೋಡುವುದು ದಡ್ಡತನವೆಂಬ ಭಾವನೆ ಕೆಲವು ತರಗತಿಗಳಲ್ಲಿದೆ, ಅದು ತಪ್ಪು. ಮೈಸೂರು ವಿಶ್ವವಿದ್ಯಾನಿಲಯದ ನಿಘಂಟಾಗಲಿ ಪ್ರೊ. ಜಿ. ವೆಂಕಟಸುಬ್ಬಯ್ಯನವರ ನಿಘಂಟಾಗಲಿ ಹೊಸ ಪದದ ಮೊದಲ ಭೇಟಿಯಲ್ಲಿ ಕೊಡುವ ಸ್ಪಷ್ಟತೆಯನ್ನು ಇಂಗ್ಲಿಷಿನಲ್ಲಿಯೇ ಇರುವ ಸುತ್ತುಬಳಸಿನ ವಿವರಣೆ ಕೊಡಲಾರದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ತಾಣದಲ್ಲಿ ಹಲವು ನಿಘಂಟುಗಳನ್ನು ಉಚಿತವಾಗಿ ನೋಡಬಹುದು. ಎರಡನೆಯ ಭೇಟಿಯಿಂದಾಚೆಗೆ ಮಾತ್ರ ಕಲಿಯುವವರ ನಿಘಂಟಿಗೆ ದಾಟಿಕೊಳ್ಳಬೇಕು.

ಎಐ ಸಹಾಯಕಗಳನ್ನು ‘ಈ ಎರಡು ಪದಗಳ ವ್ಯತ್ಯಾಸವೇನು, ಯಾವ ವಾಕ್ಯದಲ್ಲಿ ಒಂದರ ಬದಲು ಇನ್ನೊಂದು ಬರಲಾರದು’ ಎಂದು ಕನ್ನಡದಲ್ಲಿಯೇ ಕೇಳಬಹುದು. ಉತ್ತರವನ್ನು ನಿಘಂಟಿನ ಜೊತೆ ತಾಳೆನೋಡಿದ ನಂತರವೇ ಕಾರ್ಡಿಗೆ ಏರಿಸಬೇಕು.

ಯಾರಿಗೆ ಯಾವುದು

ಪರೀಕ್ಷೆಗೆ ಎರಡು ತಿಂಗಳೊಳಗೆ ಕಾಲವಿದ್ದು, ಅದು ಬಹುಆಯ್ಕೆಯ ಪರೀಕ್ಷೆಯಾಗಿದ್ದರೆ ಹಿಂದಿನ ಪ್ರಶ್ನೆಪತ್ರಿಕೆಗಳಿಂದ ಆರಿಸಿದ ಪಟ್ಟಿಯನ್ನೇ ಹಿಡಿಯಿರಿ, ಜೊತೆಗೆ ಕಾರ್ಡು. ಎಲ್ಲ ಜೋಡಿಗಳನ್ನೂ ಗಿಟ್ಟಿಸುವ ಆಸೆ ಬಿಟ್ಟು, ಪ್ರತಿ ಗುಂಪಿನಿಂದ ಒಂದು ಸಮಾನಾರ್ಥಕ, ಒಂದು ವಿರುದ್ಧಾರ್ಥಕಕ್ಕೆ ಮಿತಿಗೊಳಿಸಿದರೆ ಗೊಂದಲ ಕಡಿಮೆ. ಆರು ತಿಂಗಳಿಗೂ ಹೆಚ್ಚು ಅವಕಾಶವಿದ್ದರೆ ಮೊದಲ ನಾಲ್ಕು ತಿಂಗಳನ್ನು ಧಾತುಗಳ ಪುಸ್ತಕಕ್ಕೆ ಕೊಟ್ಟು ಕೊನೆಗೆ ಪಟ್ಟಿಗೆ ಬನ್ನಿ.

ಜಿಆರ್‌ಇ ಬರೆಯುವವರು ಹಳೆಯ ಸಿದ್ಧತಾ ಪುಸ್ತಕಗಳ ಬಗ್ಗೆ ಎಚ್ಚರ ವಹಿಸಬೇಕು. ನೇರವಾಗಿ ವಿರುದ್ಧಪದ ಕೇಳುವ ಪ್ರಶ್ನೆಗಳು 2011ರ ಆಗಸ್ಟ್‌ನಿಂದ ಆ ಪರೀಕ್ಷೆಯಲ್ಲಿಲ್ಲ. ಈಗಿರುವ ಒಂದು ಬಗೆಯ ಪ್ರಶ್ನೆಯಲ್ಲಿ ಆರು ಪದಗಳಿಂದ ಎರಡನ್ನು ಆರಿಸಬೇಕು, ಎರಡೂ ವಾಕ್ಯಕ್ಕೆ ಒಂದೇ ಅರ್ಥ ಕೊಡಬೇಕು, ಒಂದು ತಪ್ಪಿದರೂ ಅಂಕವಿಲ್ಲ. ಆ ಆರರಲ್ಲಿ ಪರಸ್ಪರ ಸಮಾನಾರ್ಥಕವಾಗಿದ್ದೂ ವಾಕ್ಯಕ್ಕೆ ಹೊಂದದ ಜೋಡಿಯೊಂದು ಇರಬಹುದಾದ್ದರಿಂದ, ಪಟ್ಟಿಯನ್ನಷ್ಟೇ ನಂಬಿದವರು ಅಲ್ಲಿ ಸಿಕ್ಕಿಬೀಳುತ್ತಾರೆ. ಇವರಿಗೆ ವಾಕ್ಯಸಹಿತ ಕಾರ್ಡು ಮತ್ತು ಕಲಿಯುವವರ ನಿಘಂಟು ಎರಡೂ ಬೇಕು.

ಐಇಎಲ್‌ಟಿಎಸ್‌ನಲ್ಲಿ ಬರವಣಿಗೆಗೂ ಮಾತಿಗೂ ಕೊಡುವ ಅಂಕದ ಕಾಲುಭಾಗ ಪದಸಂಪತ್ತಿನದು, ಅಲ್ಲಿ ಪದ ಅಪರೂಪದ್ದಾಗಿದ್ದರೆ ಸಾಲದು, ಒಡನಾಟ ಮತ್ತು ಶೈಲಿ ಸರಿಯಿರಬೇಕೆಂದು ಅಂಕ ಕೊಡುವ ಮಾನದಂಡವೇ ಹೇಳುತ್ತದೆ. ಹೀಗಾಗಿ ಈ ಪರೀಕ್ಷೆಗೆ ಪಟ್ಟಿಯನ್ನು ಬದಿಗಿಟ್ಟು ಕಲಿಯುವವರ ನಿಘಂಟನ್ನು ಆಧಾರವಾಗಿಟ್ಟುಕೊಳ್ಳಬೇಕು. ವಿಶ್ವವಿದ್ಯಾಲಯದ ಬರವಣಿಗೆಗೆ ಸಿದ್ಧರಾಗುವವರಿಗೆ ಆವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ 570 ಪದಕುಟುಂಬಗಳ ಶೈಕ್ಷಣಿಕ ಪದಪಟ್ಟಿ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಯಾವ ಪದಗಳನ್ನು ಮೊದಲು ಕಲಿಯಬೇಕು ಎಂಬ ಪ್ರಶ್ನೆಗೆ ಅದು ಒಳ್ಳೆಯ ಉತ್ತರ.

ಕಚೇರಿಯ ಬರವಣಿಗೆಗಾಗಿ ಕಲಿಯುವವರಿಗೆ ಗಡುವಿಲ್ಲ, ಅದೇ ಅವರ ಭಾಗ್ಯ. ಬರೆದ ಪತ್ರದಲ್ಲಿ ಮತ್ತೆಮತ್ತೆ ಬರುವ ಪದವೊಂದನ್ನು ವಾರಕ್ಕೊಮ್ಮೆ ಗುರುತಿಸಿ, ಕಲಿಯುವವರ ಥೆಸಾರಸ್‌ನಲ್ಲಿ ಅದರ ಬದಲಿಗೆ ಎರಡು ಪದ ಹುಡುಕಿ, ನಿಘಂಟಿನಲ್ಲಿ ಅವುಗಳ ಒಡನಾಟ ಪರಿಶೀಲಿಸಿ ಬಳಸಿದರೆ ಸಾಕು. ದುಡ್ಡು ಖರ್ಚುಮಾಡಿ ಥೆಸಾರಸ್ ಕೊಳ್ಳುವುದು ಸಾರ್ಥಕವಾಗುವುದು ಮುಖ್ಯವಾಗಿ ಇವರಿಗೆ.

ಇನ್ನು, ಮೇಲಿನ ಹಂತಕ್ಕೆ ಹೋಗಲು ತಾವು ಸಿದ್ಧರಿದ್ದೇವೆಯೇ ಎಂಬ ಅನುಮಾನ ಇರುವವರು ಆಕ್ಸ್‌ಫರ್ಡ್ 3000 ಎಂಬ, ಮೊದಲು ಕಲಿಯಬೇಕಾದ ಪದಗಳ ಉಚಿತ ಪಟ್ಟಿಯನ್ನು ತೆರೆದು, ಮನಸ್ಸಿಗೆ ಬಂದ ಎರಡು ಪುಟಗಳಿಂದ ಐವತ್ತು ಪದಗಳನ್ನು ಆರಿಸಿ, ಪ್ರತಿಯೊಂದಕ್ಕೂ ಒಂದು ವಾಕ್ಯ ಹೇಳಿ ನೋಡಲಿ. ಐದಾರಕ್ಕಿಂತ ಹೆಚ್ಚು ಪದಗಳಲ್ಲಿ ತಡವರಿಸಿದರೆ ಸದ್ಯಕ್ಕೆ ‘ಪಾರ್ಸಿಮೋನಿಯಸ್’ ಪಕ್ಕಕ್ಕಿಟ್ಟು, ದ್ವಿಭಾಷಾ ನಿಘಂಟು ಮತ್ತು ಕಾರ್ಡುಗಳ ನೆರವಿನಿಂದ ಆ ಮೂರು ಸಾವಿರವನ್ನು ಮುಗಿಸಿಕೊಳ್ಳುವುದೇ ಅವರಿಗೆ ಹತ್ತಿರದ ದಾರಿ. ಪರೀಕ್ಷೆಯ ಬಹುಪಾಲು ಅಂಕಗಳನ್ನು ತಂದುಕೊಡುವ ಗದ್ಯಭಾಗ, ವ್ಯಾಕರಣದ ಪ್ರಶ್ನೆಗಳು ನಿಂತಿರುವುದು ಆ ಪದಗಳ ಮೇಲೆಯೇ.